ಕೋಟೆ ಆಮೇಲೆ ನೋಡಿ, ಮೊದಲು ಕೆರೆಗೆ ಹೋಗಿ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಚನ್ನಗಿರಿ. ಮಗನಿಗೆ ಗಾಳಿಯಂತ್ರದ ಕಂಪನಿಯಲ್ಲಿ ಕೆಲಸ, ಈಗ ಜೈಸಲ್ಮೇರಿನಲ್ಲಿದ್ದಾನೆ. ಹೋದ ವರ್ಷ ನಾಲ್ಕು ದಿನಕ್ಕೆ ಅಂತ ಹೋಗಿದ್ದೆವು. ಕೋಟೆ, ಹವೇಲಿ, ಒಂಟೆ ಸವಾರಿ ಎಲ್ಲಾ ಆಯಿತು. ಈ ಸಲ ಡಿಸೆಂಬರ್, ಜನವರಿ ಪೂರ್ತಿ ಅಲ್ಲೇ ಇರಿ ಎಂದು ಕರೆದಿದ್ದಾನೆ. ಅವನು ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ. ನಮ್ಮ ಯಜಮಾನರಿಗೆ ಹಳೇ ಊರುಗಳ ಚರಿತ್ರೆ ಎಂದರೆ ಇಷ್ಟ. ಆದರೆ ನಮ್ಮ ಹಿಂದಿ ಅಷ್ಟಕ್ಕಷ್ಟೆ. ಗೈಡುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಊರಿನ ಚರಿತ್ರೆ ತಿಳಿದುಕೊಳ್ಳೋಕೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಪತ್ರ ಓದಿ ಸಂತೋಷವಾಯಿತು. ನೀವು ಚನ್ನಗಿರಿಯವರು ಎಂದು ನೋಡಿ ಇನ್ನೂ ಸಂತೋಷವಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಗದಗಿನಲ್ಲಿ ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಪಾಠ ಮಾಡಿದವಳು. ನಿವೃತ್ತಿಯಾದ ಮೇಲೆ ಎರಡು ಚಳಿಗಾಲ ಜೈಸಲ್ಮೇರಿನಲ್ಲಿ ಕೋಣೆ ಬಾಡಿಗೆ ಹಿಡಿದು ಇದ್ದೆ. ಮೊದಲ ಸಲ ನಾನೂ ಕೋಟೆಯಿಂದಲೇ ಶುರು ಮಾಡಿದೆ. ಭಾಟಿ ರಜಪೂತರ ರಾಜ ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ್ದು, 99 ಕೊತ್ತಲ, ನಾಲ್ಕು ಹೆಬ್ಬಾಗಿಲು, ಎಲ್ಲಾ ಬರೆದುಕೊಂಡೆ. ನೋಟ್‌ಬುಕ್ ತುಂಬಿತು. ಊರು ಮಾತ್ರ ಅರ್ಥವಾಗಲಿಲ್ಲ. ಎರಡನೇ ಚಳಿಗಾಲದಲ್ಲಿ ನಮ್ಮ ಮನೆ ಮಾಲೀಕರ ತಾಯಿ ಒಂದು ಮಾತು ಹೇಳಿದರು. "ನಾನು ಮದುವೆಯಾಗಿ ಈ ಮನೆಗೆ ಬಂದಾಗ ನಲ್ಲಿ ಇರಲಿಲ್ಲ. ಬೆಳಗ್ಗೆ ಎರಡು ಸಲ, ಸಂಜೆ ಒಂದು ಸಲ ಗಡೀಸರ್‌ನಿಂದ ನೀರು ಹೊತ್ತಿದ್ದೇನೆ" ಅಂದರು. ಆವತ್ತು ಅವರ ಜೊತೆ ಕೆರೆ ತನಕ ನಡೆದುಹೋದೆ. ಅಲ್ಲಿಂದ ಊರು ನನಗೆ ಬೇರೆಯಾಗಿ ಕಾಣಿಸಿತು.

ಹಾಗಾಗಿ ನನ್ನ ಮಾತು ಇಷ್ಟೇ. ಜೈಸಲ್ಮೇರಿನಲ್ಲಿ ನೀರಿನ ಜಾಡು ಹಿಡಿಯಿರಿ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ಜಾಗ ಅದು. ಅಂಥಲ್ಲಿ ಎಂಟುನೂರು ವರ್ಷ ಜನ ಬಾಳಿದ್ದಾರೆ. ಯಾರು ಕೆರೆ ಕಟ್ಟಿದರು, ಯಾರು ನೀರು ಹೊತ್ತರು, ನೀರು ಎಲ್ಲಿ ನಿಂತಿತು ಎಂದು ಕೇಳುತ್ತಾ ಹೋದರೆ ಉಳಿದ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲ ವಾರ ಗಡೀಸರ್ ಕೆರೆಗೇ ಹೋಗಿ. ಬೆಳಗ್ಗೆ ಏಳರ ಹೊತ್ತಿಗೆ ಹೋದರೆ ದೋಣಿಯವರು ಇನ್ನೂ ಬಂದಿರುವುದಿಲ್ಲ. ಶಾಲು ಹೊದ್ದುಕೊಂಡು ಹೋಗಿ, ಥಂಡಿ ಜಾಸ್ತಿ ಇರುತ್ತದೆ. ಕೆರೆಯನ್ನು 1367ರಲ್ಲಿ ರಾವಲ್ ಗಡಸಿ ಕಟ್ಟಿಸಿದರು ಎನ್ನುತ್ತಾರೆ. ಹೆಸರೂ ಅವರದೇ. ಎಲ್ಲರೂ ನೀರಿನ ನಡುವಿನ ಛತ್ರಿಗಳ, ಅಂದರೆ ಗುಮ್ಮಟದ ಕಲ್ಲು ಮಂಟಪಗಳ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ನೀವು ಕೆರೆಗೆ ಬೆನ್ನು ಮಾಡಿ ನಿಂತು, ಹಿಂದಿನ ಬಯಲು ನೋಡಿ. ಆ ಬಯಲಿಗೆ ಅಲ್ಲಿಯವರು 'ಆಗೋರ್' ಎನ್ನುತ್ತಾರೆ. ಮಳೆ ಬಿದ್ದು ಹರಿದು ಕೆರೆಗೆ ಬರುವ ನೆಲ ಅದು. ಕೆರೆಗಿಂತ ಹೆಚ್ಚು ಜೋಪಾನ ಮಾಡಿದ್ದು ಅದನ್ನೇ. ಆಗೋರಿನಲ್ಲಿ ಗಲೀಜು ಮಾಡುವಂತಿರಲಿಲ್ಲ, ಚಪ್ಪಲಿ ಮೆಟ್ಟಿ ಓಡಾಡುವಂತೆಯೂ ಇರಲಿಲ್ಲ. ಈಗ ಕೆರೆಗೆ ಇಂದಿರಾ ಗಾಂಧಿ ಕಾಲುವೆಯ ನೀರು ಬರುತ್ತದೆ. ಅದಕ್ಕೇ ಯಾವಾಗಲೂ ತುಂಬಿರುತ್ತದೆ. ಮೊದಲು ಆಕಾಶದ ನೀರೊಂದೇ ದಿಕ್ಕಾಗಿತ್ತು.

ಈಗ ಚನ್ನಗಿರಿ ವಿಷಯಕ್ಕೆ ಬರುತ್ತೇನೆ. ಗಡೀಸರ್‌ಗೆ ಇಳಿಯುವ ದಾರಿಯಲ್ಲಿ ಹಳದಿ ಕಲ್ಲಿನ ದೊಡ್ಡ ಬಾಗಿಲು ಇದೆ. ಅದರ ಹೆಸರು 'ಟೀಲೋಂ ಕಿ ಪೋಲ್'. ಟೀಲೋ ಎಂಬ ವೇಶ್ಯೆ ತನ್ನ ದುಡ್ಡಿನಲ್ಲಿ ಕಟ್ಟಿಸಿದ ಬಾಗಿಲು. ರಾಜ ಆ ಬಾಗಿಲ ಕೆಳಗೆ ಹಾದುಹೋಗುವುದು ಮರ್ಯಾದೆಯಲ್ಲ ಎಂದು ದೊಡ್ಡವರು ತಕರಾರು ತೆಗೆದರಂತೆ. ಒಡೆಸಿಬಿಡುತ್ತಾರೆ ಅನ್ನುವಾಗ ಆಕೆ ಅದರ ಮೇಲೆ ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳು. ಗುಡಿ ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಬಾಗಿಲು ಉಳಿಯಿತು. ಊರಿನವರು ಹೇಳುವ ಕಥೆ ಇದು.

ಇದನ್ನು ಕೇಳಿದ ಕೂಡಲೇ ನಿಮಗೆ ಸೂಳೆಕೆರೆ ನೆನಪಾಗುತ್ತದೆ, ಅಲ್ವಾ? ನಿಮ್ಮದೇ ತಾಲ್ಲೂಕು. ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ವೇಶ್ಯೆಯರದಾಗಿತ್ತು, ಕೆರೆಗೆ ನಮ್ಮ ಹೆಸರಿಡಿ ಎಂದು ಅವರು ಷರತ್ತು ಹಾಕಿ ಜಾಗ ಬಿಟ್ಟುಕೊಟ್ಟರು ಎಂದು ನೀವು ಚಿಕ್ಕವರಿದ್ದಾಗಿನಿಂದ ಕೇಳಿರುತ್ತೀರಿ. ಈಗ ಬೋರ್ಡಿನಲ್ಲಿ ಶಾಂತಿಸಾಗರ ಎಂದು ಬರೆದರೂ ಜನರ ಬಾಯಲ್ಲಿ ಹಳೇ ಹೆಸರೇ ಇದೆ. ಎಲ್ಲಿಯ ಚನ್ನಗಿರಿ, ಎಲ್ಲಿಯ ಥಾರ್! ಊರಿಗೆ ನೀರು ಕೊಟ್ಟವರ ಸಾಲಿನಲ್ಲಿ ತಮ್ಮ ಹೆಸರೂ ನಿಲ್ಲಬೇಕು ಎಂದು ಎರಡೂ ಕಡೆ ಆ ಹೆಣ್ಣುಮಕ್ಕಳು ಹಟ ಹಿಡಿದರು. ನಾನು ಆ ಬಾಗಿಲ ಕೆಳಗೆ ನಿಂತಾಗ ಕಣ್ಣು ತುಂಬಿ ಬಂತು. ನೀವು ಅಲ್ಲಿ ಯಾರಾದರೂ ಹಿರಿಯರಿಗೆ ಸೂಳೆಕೆರೆ ಕಥೆ ಹೇಳಿ. ಹರಕು ಹಿಂದಿಯಾದರೂ ಸಾಕು. ಒಂದು ಕಥೆ ಕೊಟ್ಟರೆ ಅವರು ನಾಲ್ಕು ಕಥೆ ಕೊಡುತ್ತಾರೆ. ಗೈಡಿಗೆ ಕೊಡುವ ದುಡ್ಡಿಗಿಂತ ಇದು ಹೆಚ್ಚು ಫಲ ಕೊಡುತ್ತದೆ.

ಗಡೀಸರ್ ಹತ್ತಿರವೇ ಎನ್.ಕೆ. ಶರ್ಮಾ ಎಂಬ ನಿವೃತ್ತ ಮೇಷ್ಟರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯ ಇದೆ. ವಾದ್ಯ, ಬಟ್ಟೆ, ನಾಣ್ಯ, ಹಳೇ ಕಾಗದಪತ್ರ, ಒಂಟೆಯ ಜೂಲು ಎಲ್ಲಾ ಕೂಡಿಟ್ಟಿದ್ದಾರೆ. ಸಂಜೆ ಗೊಂಬೆಯಾಟವೂ ಇರುತ್ತದೆ. ಮೇಷ್ಟರ ಕೆಲಸ ಎಂದು ನನಗೆ ಅದರ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ. ಅರ್ಧ ದಿನ ಇಟ್ಟುಕೊಳ್ಳಿ.

ಎರಡನೇ ವಾರ ಕೋಟೆಗೆ ಹೋಗಿ. ಈಗ ಅದನ್ನೂ ನೀರಿನ ಕಣ್ಣಿನಿಂದ ನೋಡಿ. ಒಳಗೆ 'ಜೈಸಲೂ' ಎಂಬ ಹಳೇ ಬಾವಿ ಇದೆ. ಅರ್ಜುನನಿಗೆ ಬಾಯಾರಿಕೆಯಾದಾಗ ಕೃಷ್ಣ ಸುದರ್ಶನ ಚಕ್ರದಿಂದ ಬಂಡೆ ಸೀಳಿ ನೀರು ತೆಗೆದ ಜಾಗ ಎಂದು ನಂಬಿಕೆ. ಭಾಟಿಗಳು ತಮ್ಮನ್ನು ಯದುವಂಶದವರು ಎಂದು ಕರೆದುಕೊಳ್ಳುತ್ತಾರೆ, ಅದಕ್ಕೇ ಕೃಷ್ಣ ಬಂದ. ಜೈಸಲ್ ಹದಿನೈದು ಕಿಲೋಮೀಟರ್ ಆಚೆಗಿದ್ದ ಲೋದ್ರವಾ ಎಂಬ ಹಳೇ ರಾಜಧಾನಿ ಬಿಟ್ಟು ಈ ತ್ರಿಕೂಟ ಬೆಟ್ಟಕ್ಕೆ ಬಂದ. ಬಯಲಿನಲ್ಲಿದ್ದ ಊರನ್ನು ಶತ್ರುಗಳಿಂದ ಕಾಯುವುದು ಕಷ್ಟವಾಗಿತ್ತು. ಲೋದ್ರವಾಕ್ಕೂ ಒಂದು ದಿನ ಹೋಗಿ ಬನ್ನಿ, ಜೈನ ಬಸದಿ ಚೆನ್ನಾಗಿದೆ.

ಕೋಟೆಯೊಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ಗೋಡೆಗಳು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದವು. ಕೊಡದಲ್ಲಿ ನೀರು ಹೊರುತ್ತಿದ್ದ ಕಾಲಕ್ಕೆ ಕಟ್ಟಿದ ಊರು ಅದು. ಒಂದೊಂದು ಚೊಂಬು ನೀರನ್ನೂ ಎರಡೆರಡು ಕೆಲಸಕ್ಕೆ ಬಳಸುತ್ತಿದ್ದರು. ಆಮೇಲೆ ನಲ್ಲಿ ಬಂತು, ಹೋಟೆಲುಗಳು ಬಂದವು, ಕೋಣೆಗೊಂದು ಬಚ್ಚಲು ಬಂತು. ಆ ನೀರೆಲ್ಲ ಇಂಗಿ ಬೆಟ್ಟದ ಬುಡದ ಮಣ್ಣು ಮೆತ್ತಗಾಗತೊಡಗಿತು. ಕೊತ್ತಲಗಳು ಕುಸಿದಿವೆ. 2013ರಲ್ಲಿ ರಾಜಸ್ಥಾನದ ಇನ್ನೂ ಐದು ಕೋಟೆಗಳ ಜೊತೆ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೂ ನೀರು ಇಂಗುವ ತೊಂದರೆ ಹಾಗೇ ಇದೆ. ನೀರಿಲ್ಲದೆ ಎಂಟುನೂರು ವರ್ಷ ನಿಂತ ಕೋಟೆಗೆ ಈಗ ನೀರೇ ಪೆಟ್ಟು ಕೊಡುತ್ತಿದೆ. ನಿಮ್ಮ ನೆಂಟರು ಯಾರಾದರೂ ಬಂದರೆ ದಯವಿಟ್ಟು ಕೋಟೆಯ ಹೊರಗೆ ಉಳಿಯಲು ಹೇಳಿ. ಒಳಗೆ ಹೋಗಿ ನೋಡಲಿ, ಚಹಾ ಕುಡಿಯಲಿ, ಸಾಮಾನು ಕೊಳ್ಳಲಿ. ಸ್ನಾನ ಹೊರಗೆ ಆಗಲಿ.

ಗೈಡುಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಎಂದು ಬರೆದಿದ್ದೀರಿ. ಅದನ್ನು ನೀವೇ ಪರೀಕ್ಷೆ ಮಾಡಬಹುದು. ಯಜಮಾನರಿಗೆ ಇದು ತುಂಬಾ ಇಷ್ಟವಾಗಬಹುದು. ಕಲ್ಲಿನ ಮೇಲಿನ ಇಸವಿ ಓದುವುದನ್ನು ಕಲಿಯಿರಿ. ದೇವನಾಗರಿ ಅಂಕಿ ಕಲಿಯಲು ಒಂದು ಸಂಜೆ ಸಾಕು. ಜೈಸಲ್ಮೇರಿನ ಶಾಸನಗಳಲ್ಲಿ ಮೂರು ಲೆಕ್ಕ ಬರುತ್ತವೆ. ಇಸವಿ ಬೇಕೆಂದರೆ, ವಿಕ್ರಮ ಸಂವತ್ ಇದ್ದರೆ 57 ಕಳೆಯಬೇಕು. ಶಕ ಇದ್ದರೆ 78 ಕೂಡಿಸಬೇಕು. ಇದು ನಮಗೆ ಗೊತ್ತಿರುವುದೇ. ಮೂರನೆಯದು ಆ ರಾಜ್ಯದ್ದೇ ಸ್ವಂತ ಲೆಕ್ಕ, ಭಾಟಿಕ ಸಂವತ್. ಅದಕ್ಕೆ 623 ಕೂಡಿಸಬೇಕು. ತಿಂಗಳ ಮೇಲೆ ಒಂದು ವರ್ಷ ಆಚೀಚೆ ಆಗಬಹುದು. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಒಬ್ಬ ಗೈಡ್ ಸಂವತ್ ಲೆಕ್ಕವನ್ನೇ ಇಸವಿ ಎಂದು ಹೇಳಿದ, ನಾನೂ ಹಾಗೇ ಬರೆದುಕೊಂಡೆ. ಒಂದು ಇಡೀ ಪುಟ ತಪ್ಪಾಯಿತು. ಎರಡನೇ ಸಲ ಹೋಗಿ ಎಲ್ಲಾ ತಿದ್ದಿದೆ.

ಈ ಲೆಕ್ಕ ಪ್ರಯೋಗ ಮಾಡಲು ಬಡಾ ಬಾಗ್‌ಗೆ ಹೋಗಿ. ಊರಿಂದ ಆರು ಕಿಲೋಮೀಟರ್. ರಾಜಮನೆತನದವರು ತೀರಿಕೊಂಡ ಮೇಲೆ ಕಟ್ಟಿದ ಛತ್ರಿಗಳು ಸಾಲಾಗಿ ನಿಂತಿವೆ. ಪ್ರತಿ ಛತ್ರಿಯೊಳಗೂ ಕಲ್ಲು ಇದೆ. ಕುದುರೆ ಮೇಲೆ ರಾಜ, ಪಕ್ಕದಲ್ಲಿ ಸತಿ ಹೋದ ರಾಣಿಯರು, ಕೆಳಗೆ ಬರಹ. ನಮ್ಮ ವೀರಗಲ್ಲು, ಮಾಸ್ತಿಗಲ್ಲು ನೋಡಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ರಾಣಿಯರನ್ನು ಎಣಿಸಿದರೆ ಮನಸ್ಸಿಗೆ ತುಂಬಾ ಸಂಕಟವಾಗುತ್ತದೆ. ಎಣಿಸಿಯೇ ನೋಡಿ ಎನ್ನುತ್ತೇನೆ. ಅಲ್ಲೂ ನೀರಿನ ಜಾಡು ಇದೆ. 16ನೇ ಶತಮಾನದಲ್ಲಿ ಜೈತಸಿಂಹ ಎಂಬ ರಾಜ ಒಡ್ಡು ಹಾಕಿ ನೀರು ನಿಲ್ಲಿಸಿದ. ಅದರ ಕೆಳಗೆ ತೋಟ ಎದ್ದಿತು. ಬಡಾ ಬಾಗ್ ಎಂದರೆ ದೊಡ್ಡ ತೋಟ ತಾನೆ. ಛತ್ರಿಗಳ ಹಿಂದೆಯೇ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಒಂದು ಭಾನುವಾರ ಮಗನನ್ನೂ ಕರೆದುಕೊಂಡು ಹೋಗಿ, ಅವನ ಕೆಲಸವನ್ನು ಅವನೇ ವಿವರಿಸಲಿ.

ಓಣಿಗಳಲ್ಲಿ ಓಡಾಡುವಾಗ ಮನೆಗಳ ಹೊರಗೋಡೆ ನೋಡಿ. ಬಾಗಿಲ ಪಕ್ಕ ಗಣೇಶನ ಚಿತ್ರ, ಅದರ ಜೊತೆ ಹೆಸರು ಮತ್ತು ತಾರೀಕು ಬಣ್ಣದಲ್ಲಿ ಬರೆದಿರುತ್ತಾರೆ. ಅದು ಆ ಮನೆಯ ಮದುವೆಯ ಕರೆಯೋಲೆ. ಊರಿಗೆಲ್ಲ ಕರೆ ಗೋಡೆಯ ಮೇಲೇ. ಮದುವೆ ಮುಗಿದರೂ ಅಳಿಸುವುದಿಲ್ಲ. ಒಂದು ಓಣಿಯಲ್ಲಿ ಹೀಗೆ ಬರೆದುಕೊಳ್ಳುತ್ತಾ ಹೋದೆ. ಯಾವ ಮನೆಗೆ ಯಾವ ವರ್ಷ ಸೊಸೆ ಬಂದಳು ಎಂದು ಗೊತ್ತಾಗುತ್ತಾ ಹೋಯಿತು. ನನ್ನ ನೋಟ್‌ಬುಕ್ಕಿನಲ್ಲಿ ನನಗೆ ಅತಿ ಪ್ರಿಯವಾದ ಪುಟಗಳು ಅವೇ. ಹೊಸ ಗಣೇಶ ಕಂಡರೆ ಬಾಗಿಲು ತಟ್ಟಿ ಶುಭ ಹಾರೈಸಿ. ಒಳಗೆ ಕರೆಯದೆ ಬಿಡುವುದಿಲ್ಲ.

ಹವೇಲಿಗಳನ್ನು ನೀವು ನೋಡಿದ್ದೀರಿ, ಹಾಗಾಗಿ ಒಂದೇ ಮಾತು. ಪಟವಾ ಎಂಬ ವರ್ತಕ ಮನೆತನದವರು 1805ರಲ್ಲಿ ಆ ಐದು ಮನೆ ಕಟ್ಟಲು ಶುರು ಮಾಡಿದಾಗ ಸಿಂಧ್ ಕಡೆಯಿಂದ ಒಂಟೆ ಸಾಲು ಬರುತ್ತಿತ್ತು. ಆಮೇಲೆ ಮುಂಬಯಿ ಬಂದರು ಬೆಳೆಯಿತು, ಸರಕು ಹಡಗು ಮತ್ತು ರೈಲು ಹತ್ತಿತು. 1947ರಲ್ಲಿ ಗಡಿ ಬಂತು, ಹಳೇ ದಾರಿ ಮುಚ್ಚಿತು. ಆ ಕೆತ್ತನೆ ನೋಡುವಾಗ ಇದನ್ನೂ ನೆನಪಿಡಿ.

ಇನ್ನು ಬಾಯಿಮಾತಿನ ಚರಿತ್ರೆ. ಮಾಂಗಣಿಯಾರ್ ಹಾಡುಗಾರರ ಬಗ್ಗೆ ಕೇಳಿರಬಹುದು. ಹೋಟೆಲಿನ ಬೆಂಕಿ ಸುತ್ತ ಹಾಡುವುದು ಅವರ ಈಗಿನ ಸಂಪಾದನೆ. ಹಳೇ ಕಸುಬು ಬೇರೆ. ತಲೆತಲಾಂತರದಿಂದ ಒಂದೊಂದು ಮನೆತನಕ್ಕೆ ಅವರು ಸೇರಿದವರು. ಮದುವೆ, ಹುಟ್ಟು ಯಾವುದೇ ಇರಲಿ, ಬಂದು ಆ ಮನೆಯ ಹಿರಿಯರ ಹೆಸರನ್ನೆಲ್ಲ ಸಾಲಾಗಿ ಹೇಳುತ್ತಾರೆ. ಹಾಡುವವರು ಮುಸಲ್ಮಾನರು, ಮನೆಯವರು ಹೆಚ್ಚಾಗಿ ರಜಪೂತರು. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹೇಳುತ್ತಾರಲ್ಲ, ಹಾಗೇ. ಅವರ ಕಮಾಯಚಾ ಎಂಬ ತಂತಿವಾದ್ಯದ ದನಿ ಗಂಭೀರ. ಹಮೀರಾ ಹಳ್ಳಿಯ ಸಾಕರ್ ಖಾನ್ ಅವರಿಗೆ ಈ ವಾದ್ಯಕ್ಕೇ 2012ರಲ್ಲಿ ಪದ್ಮಶ್ರೀ ಬಂತು. ಹಾಡು ಮುಗಿದ ಮೇಲೆ "ನೀವು ಸೇರಿದ ಮನೆತನ ಯಾವ ಊರಿನದು?" ಎಂದು ಕೇಳಿ ನೋಡಿ. ಮಾತು ಅಲ್ಲಿಂದ ಬೆಳೆಯುತ್ತದೆ.

ಊಟಕ್ಕೆ ತೊಂದರೆಯಿಲ್ಲ. ಸಜ್ಜೆ ರೊಟ್ಟಿ ಸಿಗುತ್ತದೆ, ಅವರು ಬಾಜರಾ ಎನ್ನುತ್ತಾರೆ. ಕೇರ್ ಸಾಂಗ್ರಿ ಪಲ್ಯ ತಿನ್ನಿ. ಮಳೆ ಇಲ್ಲದ ವರ್ಷವೂ ಕಾಯಿ ಕೊಡುವ ಗಿಡಮರಗಳದು ಅದು. ಒಣಗಿಸಿ ಇಟ್ಟು ವರ್ಷಪೂರ್ತಿ ಮಾಡುತ್ತಾರೆ.

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಹುಬ್ಬಳ್ಳಿಯಿಂದ ಜೋಧಪುರ ರೈಲಿನಲ್ಲಿ ಹೋಗಿ ಜೈಸಲ್ಮೇರ್ ನೋಡುವವರಿದ್ದೇವೆ. ಅಲ್ಲೇ ಹತ್ತಿರದ ಕುಲ್ಧರಾ ದೆವ್ವದ ಊರು ಎನ್ನುತ್ತಾರೆ. ನಿಜವಾಗಲೂ ಒಂದೇ ರಾತ್ರಿಯಲ್ಲಿ ಎಲ್ಲರೂ ಊರು ಬಿಟ್ಟರಾ?

ಉತ್ತರ: ಕುಲ್ಧರಾಕ್ಕೆ ಖಂಡಿತ ಹೋಗಿ. ಆದರೆ ದೆವ್ವ ಹುಡುಕಲು ಬೇಡ, ತಮ್ಮಂದಿರಾ. ಅಲ್ಲಿ ಬಾಳಿದವರಿಗೆ ಅದರಿಂದ ಅನ್ಯಾಯವಾಗುತ್ತದೆ.

ಕಥೆ ಹೀಗಿದೆ. ಅಲ್ಲಿ ಪಾಲಿವಾಲ ಬ್ರಾಹ್ಮಣರಿದ್ದರು. ಜೈಸಲ್ಮೇರಿನ ದಿವಾನ ಸಾಲಿಂ ಸಿಂಗ್ ಆ ಬ್ರಾಹ್ಮಣರ ಮನೆಯ ಹುಡುಗಿಯ ಮೇಲೆ ಕಣ್ಣು ಹಾಕಿದ. ಮಾನಕ್ಕಂಜಿ 84 ಹಳ್ಳಿಯವರು ಒಂದೇ ರಾತ್ರಿ ಊರು ಬಿಟ್ಟರು, ಶಾಪ ಹಾಕಿ ಹೋದರು. ಸಾಲಿಂ ಸಿಂಗ್ ನಿಜವಾಗಿ ಇದ್ದವನು, ಅವನ ಹವೇಲಿ ಈಗಲೂ ಇದೆ. ಅವನ ಕಾಲದಲ್ಲಿ ಕಂದಾಯ ವಿಪರೀತ ಹೆಚ್ಚಿತ್ತು. ಆದರೆ ಒಂದೇ ರಾತ್ರಿ ಎನ್ನುವುದು ಕಥೆ. ಊರು ಖಾಲಿಯಾಗಿದ್ದು 19ನೇ ಶತಮಾನದಲ್ಲಿ, ನಿಧಾನವಾಗಿ. ಕಂದಾಯದ ಭಾರ ಒಂದು ಕಾರಣ, ಬಾವಿ ಬತ್ತಿದ್ದು ಇನ್ನೊಂದು. ಭೂಕಂಪವೂ ಆಗಿರಬಹುದು ಎಂದು ಸಂಶೋಧಕರು ಹೇಳಿದ್ದಾರೆ. ಬತ್ತಿದ ಬಾವಿಯನ್ನು ಬಿಟ್ಟುಹೋಗುವ ರೈತನ ದುಃಖ ನನಗೆ ದೆವ್ವದ ಕಥೆಗಿಂತ ದೊಡ್ಡದು.

ಪಾಲಿವಾಲರು ಒಳ್ಳೇ ಬೇಸಾಯಗಾರರು. ಅವರ ಪದ್ಧತಿಯ ಹೆಸರು 'ಖಡೀನ್'. ಸುತ್ತ ಕಲ್ಲು ದಿಬ್ಬ, ನಡುವೆ ತಗ್ಗು. ತಗ್ಗಿನ ಕೆಳಗಡೆ ಮಣ್ಣಿನ ಒಡ್ಡು ಹಾಕುತ್ತಾರೆ. ದಿಬ್ಬದ ಮೇಲೆ ಬಿದ್ದ ಮಳೆಯೆಲ್ಲ ಬಂದು ಅಲ್ಲಿ ನಿಲ್ಲುತ್ತದೆ, ಇಂಗುತ್ತದೆ. ಮಳೆಗಾಲ ಮುಗಿದ ಮೇಲೆ ಉಳಿದ ನೀರು ಬಿಟ್ಟು, ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಹಾಯಿಸುವುದಿಲ್ಲ. ನಿಮ್ಮ ಧಾರವಾಡ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಕಡಲೆ, ಬಿಳಿಜೋಳ ಹಸಿಯ ಮೇಲೆ ಬರುತ್ತದಲ್ಲ, ಅದೇ ಲೆಕ್ಕ. ಆದರೆ ಇಲ್ಲಿ ಆ ಹಸಿಯನ್ನೂ ಅವರೇ ಕೂಡಿಡಬೇಕು. ಜೈಸಲ್ಮೇರಿನ ಸುತ್ತ ಈಗಲೂ ಖಡೀನ್ ಹೊಲಗಳಿವೆ. ಜನವರಿಯಲ್ಲಿ ಹೋದರೆ ಮರಳಿನ ನಡುವೆ ಹಸಿರು ಹೊಲ ಕಾಣುತ್ತದೆ. ಆಟೋದವನಿಗೆ "ಖಡೀನ್ ತೋರಿಸಪ್ಪ" ಅನ್ನಿ. ಆ ಮಾತು ಕೇಳಿದರೆ ಅವನ ಮುಖವೇ ಅರಳುತ್ತದೆ.

ಕುಲ್ಧರಾದಲ್ಲಿ ಮೆಟ್ಟಿಲುಬಾವಿ ನೋಡಿ, ಮನೆಗಳ ಅಂಗಳದ ಅಳತೆ ನೋಡಿ. ಊರ ಹೊರಗಿನ ಸ್ಮಾರಕದ ಕಲ್ಲುಗಳಲ್ಲಿ 13ನೇ ಶತಮಾನದವೂ ಸಿಕ್ಕಿವೆ. ಅಂದರೆ ಆರುನೂರು ವರ್ಷ ಜನ ಅಲ್ಲಿ ಬೇಸಾಯ ಮಾಡಿ ಬದುಕಿದ್ದಾರೆ. ಗೋಡೆ ಹತ್ತಬೇಡಿ. ಕಲ್ಲು ಸಡಿಲವಾಗಿದೆ.

ಪ್ರಶ್ನೆ: ನಾನು ಮೂಡುಬಿದಿರೆಯಲ್ಲಿ ಎಂ.ಎ. ಓದುತ್ತಿದ್ದೇನೆ. ಜೈಸಲ್ಮೇರಿನ ಜೈನ ಭಂಡಾರದಲ್ಲಿ ತಾಳೆಗರಿ ಗ್ರಂಥಗಳಿವೆಯಂತೆ. ಕನ್ನಡದವರಿಗೂ ಅದಕ್ಕೂ ಏನಾದರೂ ನಂಟಿದೆಯೇ ಮೇಡಂ?

ಉತ್ತರ: ಇದೆ ಮಗು, ಗಟ್ಟಿಯಾದ ನಂಟೇ ಇದೆ. ಕೋಟೆಯೊಳಗಿನ ಸಂಭವನಾಥ ಬಸದಿಯ ಕೆಳಗೆ ಆ ಜ್ಞಾನ ಭಂಡಾರವಿದೆ. 15ನೇ ಶತಮಾನದಲ್ಲಿ ಜಿನಭದ್ರಸೂರಿ ಎಂಬ ಆಚಾರ್ಯರು ಕಟ್ಟಿ ಬೆಳೆಸಿದ್ದು. ಒಣ ಹವೆ, ನೆಲದಡಿಯ ಕತ್ತಲು, ಗೆದ್ದಲಿಲ್ಲದ ಕಲ್ಲು ಎಲ್ಲಾ ಸೇರಿ ಗರಿಗಳನ್ನು ಕಾಪಾಡಿತು. 1874ರಲ್ಲಿ ಬ್ಯೂಲರ್ ಎಂಬ ವಿದ್ವಾಂಸರು ಇದನ್ನು ನೋಡಲೆಂದೇ ಮರುಭೂಮಿ ದಾಟಿ ಹೋಗಿದ್ದರು.

ಅಲ್ಲಿದ್ದ ಒಂದು ಗ್ರಂಥ 'ಕುವಲಯಮಾಲಾ'. 779ರಲ್ಲಿ ಉದ್ಯೋತನಸೂರಿ ಜಾಲೋರಿನಲ್ಲಿ ಪ್ರಾಕೃತದಲ್ಲಿ ಬರೆದದ್ದು. ಅದರಲ್ಲಿ ಒಂದು ಸಂತೆಯ ವರ್ಣನೆ ಬರುತ್ತದೆ. ದೇಶದೇಶದ ವ್ಯಾಪಾರಿಗಳು ತಮ್ಮ ತಮ್ಮ ಮಾತಾಡುತ್ತಾ ನಿಂತಿದ್ದಾರೆ. ಆ ಗುಂಪಿನಲ್ಲಿ ಕನ್ನಡದವರೂ ಇದ್ದಾರೆ! ಅಷ್ಟು ದೂರದ ಮರಳುನಾಡಿನ ಕವಿಗೆ ನಮ್ಮ ಮಾತಿನ ದನಿ ಗೊತ್ತಿತ್ತು. ನನಗೆ ಇದನ್ನು ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ.

ಜೈಸಲ್ಮೇರಿನ ತಾಳೆಗರಿ ಪ್ರತಿಯನ್ನು ಇಟ್ಟುಕೊಂಡು ಈ ಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದವರು ಆದಿನಾಥ ನೇಮಿನಾಥ ಉಪಾಧ್ಯೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದವರು. ಮೊದಲ ಭಾಗ 1959ರಲ್ಲಿ ಬಂತು. ನಿಮ್ಮ ಮೂಡುಬಿದಿರೆಯಲ್ಲಿ ತಾಳೆಗರಿಯ ಮೇಲೆ ಉಳಿದ ಧವಲಾ ಎಂಬ ಜೈನ ಟೀಕಾಗ್ರಂಥಗಳು 1939ರಿಂದ ಅಚ್ಚಾಗತೊಡಗಿದಾಗ ಹೀರಾಲಾಲ್ ಜೈನ್ ಅವರ ಜೊತೆ ಕೈಜೋಡಿಸಿದವರಲ್ಲಿ ಇವರೂ ಒಬ್ಬರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಜೈನರಲ್ಲಿ ಎರಡು ಪಂಗಡ, ಮೂಡುಬಿದಿರೆ ದಿಗಂಬರರದು, ಜೈಸಲ್ಮೇರ್ ಶ್ವೇತಾಂಬರರದು. ಎರಡೂ ಕಡೆಯ ಗರಿಗಳು ಅವರ ಕೆಲಸದಲ್ಲಿ ಕೂಡಿಬಂದವು.

ಹೋದಾಗ ಒಂದು ವಿಷಯ ಗಮನಿಸು. ನಮ್ಮ ಕಡೆ ಸಾಮಾನ್ಯವಾಗಿ ಗರಿಯನ್ನು ಕಂಟದಿಂದ, ಅಂದರೆ ಕಬ್ಬಿಣದ ಮೊನೆಯ ಲೇಖನಿಯಿಂದ ಕೊರೆದು ಮಸಿ ಬಳಿಯುತ್ತಿದ್ದರು. ಜೈಸಲ್ಮೇರಿನಲ್ಲಿ ಮಸಿಯಿಂದಲೇ ಬರೆದಿದ್ದಾರೆ. ನಿಮ್ಮ ಧವಲಾ ಪ್ರತಿಯೂ ಮಸಿಯಲ್ಲೇ ಬರೆದದ್ದು. ಎರಡನ್ನೂ ಕಣ್ಣಾರೆ ನೋಡಿ ಹೋಲಿಸುವ ಅವಕಾಶ ನಿನ್ನಂಥವರಿಗೆ ಇದೆ. ಬಸದಿಗಳನ್ನು ಬೆಳಗಿನ ಹೊತ್ತು ನೋಡುವುದು ಒಳ್ಳೆಯದು. ಭಂಡಾರದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿರುವುದು ಕೆಲವೇ ಗರಿಗಳು. ಹೆಚ್ಚಿಗೆ ನೋಡಬೇಕಾದರೆ ನಿಮ್ಮ ವಿಭಾಗದ ಮುಖ್ಯಸ್ಥರಿಂದ ಪತ್ರ ಬರೆಸಿ ಮೊದಲೇ ಕಳಿಸು. ಚರ್ಮದ ಬೆಲ್ಟು, ಪರ್ಸು ಕೋಣೆಯಲ್ಲೇ ಬಿಟ್ಟು ಹೋಗು. ಬಾಗಿಲಲ್ಲಿ ಕೇಳಿದರೆ ಮೂಡುಬಿದಿರೆಯಿಂದ ಬಂದೆ ಅನ್ನು.